ಚಪ್ಪಟೆ ಗಿರಕಿಯಲ್ಲಿ ಸಿಲುಕಿದ ವಿಮಾನ

ವಿಮಾನವು ಆಕಾಶದಿಂದ ಕೆಳಗೆ ಬೀಳಬೇಕಾದರೆ ಅದರ ಯಂತ್ರವೇ ಕೆಡಬೇಕೆಂದಿಲ್ಲ. ಎಂಜಿನ್ನು ಸರಿಯಾಗಿ ನಡೆಯುತ್ತಿದ್ದು, ರೆಕ್ಕೆ ಬಾಲಗಳು ಮುರಿಯದೆ, ಚಾಲಕನು ಎಚ್ಚರವಾಗಿಯೇ ಇದ್ದಾಗಲೂ ಅದು ತಿರುತಿರುಗುತ್ತ ನೆಲದ ಕಡೆಗೆ ಧಾವಿಸುವುದುಂಟು. ವಿಮಾನಶಾಸ್ತ್ರದಲ್ಲಿ ಇದಕ್ಕೆ ‘ಸ್ಪಿನ್’ ಎನ್ನುತ್ತಾರೆ. ನಾವು ಗಿರಕಿ ಎನ್ನಬಹುದು. ಗಿರಕಿಗಳಲ್ಲೆಲ್ಲ ಅತಿ ಮೊಂಡಾದುದು ಚಪ್ಪಟೆ ಗಿರಕಿ.

ವಿಜಯಪುರದಲ್ಲಿ 1963ರಲ್ಲಿ ಸೈನಿಕ ಶಾಲೆಯು ಆರಂಭವಾದಂದಿನಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಿಗೂ ಸೇನೆ, ವಾಯುಪಡೆಗಳ ಹಂಬಲವು ಹೊಸದಾಗಿ ಉಳಿದಿಲ್ಲ. ಹಾರಲು ಕಲಿಯುವ ಮಕ್ಕಳ ಕೈಗೆ ಕೊಡುವ ವಿಮಾನವು ಗಿರಕಿಗೆ ಸಿಕ್ಕರೆ ಬಿಡಿಸಿಕೊಂಡು ಬರಬಲ್ಲುದೇ ಎಂಬ ಪ್ರಶ್ನೆಯು ಆದುದರಿಂದ ನಮಗೆ ದೂರದ್ದಲ್ಲ.

ವಿಮಾನವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು ರೆಕ್ಕೆ. ಎದುರಿನಿಂದ ಬರುವ ಗಾಳಿಗೆ ರೆಕ್ಕೆಯು ಸ್ವಲ್ಪವೇ ಓರೆಯಾಗಿದ್ದಾಗ ಗಾಳಿಯು ಅದರ ಮೇಲ್ಮೈಯನ್ನು ಅಂಟಿಕೊಂಡು ಹರಿಯುತ್ತದೆ. ಓರೆಯು ಒಂದು ಮಿತಿಯನ್ನು ಮೀರಿತೆಂದರೆ, ಸಾಮಾನ್ಯ ರೆಕ್ಕೆಗೆ ಇದು 15 ಅಂಶಗಳ ಆಸುಪಾಸು, ಆ ಹರಿವು ಕಿತ್ತುಹೋಗಿ ಎತ್ತುವ ಬಲವು ಕುಸಿಯುತ್ತದೆ. ಎರಡೂ ರೆಕ್ಕೆಗಳು ಸಮನಾಗಿ ಕುಸಿದರೆ ವಿಮಾನವು ಮೂತಿ ತಗ್ಗಿಸಿ ಚೇತರಿಸಿಕೊಳ್ಳುತ್ತದೆ. ಒಂದು ರೆಕ್ಕೆಯು ಇನ್ನೊಂದಕ್ಕಿಂತ ಹೆಚ್ಚು ಕುಸಿದರೆ ಆ ಬದಿಗೆ ಉರುಳುವಿಕೆ ಮೊದಲಾಗುತ್ತದೆ. ಉರುಳಿದಂತೆಲ್ಲ ಕೆಳಗಿನ ರೆಕ್ಕೆ ಮತ್ತಷ್ಟು ಬಲಗುಂದುತ್ತದೆ. ಹೀಗೆ ಗಿರಕಿಯು ತನ್ನನ್ನು ತಾನೇ ಪೋಷಿಸಿಕೊಳ್ಳುತ್ತದೆ.

ಹಾರಾಟದ ಮೊದಲ ದಿನಗಳಲ್ಲಿ ಗಿರಕಿಯೆಂದರೆ ಮರಣವೇ ಎಂದು ಭಾವಿಸಿದ್ದರು. 1912ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾದಳದ ಅಧಿಕಾರಿಯು ಗಿರಕಿಗೆ ಸಿಲುಕಿ, ಬೇರೆಲ್ಲ ಉಪಾಯಗಳೂ ಸೋತಾಗ ಕೊನೆಯ ಗಳಿಗೆಯಲ್ಲಿ ಚುಕ್ಕಾಣಿಯನ್ನು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಒತ್ತಿ, ನೆಲವು ಸುಮಾರು 50 ಅಡಿ ಇದ್ದಾಗ ಪಾರಾದನು. ನೋಡಿದವರು ಬಹಳ ಜನ. ಆದುದರಿಂದ ಆ ಪಾಠವು ಕಳೆದುಹೋಗಲಿಲ್ಲ. 1917ರಲ್ಲಿ ಲಿಂಡೆಮನ್ ಎಂಬ ಭೌತವಿಜ್ಞಾನಿಯು ತಾನೇ ವಿಮಾನವನ್ನೇರಿ, ಬೇಕೆಂದೇ ಗಿರಕಿಗೆ ಬಿದ್ದು, ತಿರುಗುತ್ತಿರುವಾಗಲೇ ಅಳತೆಗಳನ್ನು ಗುರುತಿಸಿ ತಂದನು. ಪ್ರಯೋಗಶಾಲೆಯ ಅಧ್ಯಾಪಕರು ಮೆಚ್ಚಬೇಕಾದ ಸಾಹಸವಿದು!

ಇಂದು ಬಹುತೇಕ ತರಬೇತಿ ವಿಮಾನಗಳಿಗೆ ಅನ್ವಯಿಸುವ ಕ್ರಮ ಹೀಗಿದೆ. ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಬೇಕು. ರೆಕ್ಕೆಯ ತುದಿಯ ಐಲೆರಾನುಗಳನ್ನು ನಡುವಿನ ಸ್ಥಾನಕ್ಕೆ ತರಬೇಕು. ಗಿರಕಿಯ ದಿಕ್ಕಿಗೆ ವಿರುದ್ಧವಾದ ಪೆಡಲನ್ನು ಕೊನೆಮುಟ್ಟ ತುಳಿಯಬೇಕು. ಆ ಬಳಿಕ ಕೈಯ ದಂಡವನ್ನು ಮುಂದಕ್ಕೆ ತಳ್ಳಬೇಕು. ಕಲಿಯುವವನ ಸಹಜ ಬುದ್ಧಿಯು ಇದಕ್ಕೆ ತೀರ ವಿರುದ್ಧ. ನೆಲವು ಮೇಲೇರಿ ಬರುವುದನ್ನು ಕಂಡ ಕೈ ದಂಡವನ್ನು ಹಿಂದಕ್ಕೆ ಎಳೆಯಬಯಸುತ್ತದೆ. ಇಳಿದ ರೆಕ್ಕೆಯನ್ನು ಐಲೆರಾನಿನಿಂದ ಎತ್ತಬಯಸುತ್ತದೆ. ಎರಡೂ ಗಿರಕಿಯನ್ನು ಬಿಗಿಯಾಗಿಸಬಲ್ಲವು. ತಿರುಗುವುದು ನಿಂತೊಡನೆ ಪೆಡಲನ್ನು ಸಮಮಾಡದಿದ್ದರೆ ವಿಮಾನವು ಇನ್ನೊಂದು ಬದಿಗೆ ಗಿರಕಿ ಹೊಡೆಯುವುದೂ ಉಂಟು.

ಚಪ್ಪಟೆ ಗಿರಕಿಯಲ್ಲಿ ಈ ಕ್ರಮವೇ ಕೈಕೊಡುತ್ತದೆ. ಸಾಮಾನ್ಯ ಗಿರಕಿಯಲ್ಲಿ ಮೂತಿಯು ನೆಲದ ಕಡೆಗೆ ಬಾಗಿರುತ್ತದೆ. ಭಾರವು ಬಾಲದತ್ತ ಸರಿದಿದ್ದರೆ, ಇಲ್ಲವೆ ಉದ್ದನೆಯ ಒಡಲಿನ ಎರಡು ತುದಿಗಳಲ್ಲಿ ತೂಕವು ಹಂಚಿಹೋಗಿದ್ದರೆ, ತಿರುಗುವ ವೇಗಕ್ಕೆ ಆ ತುದಿಗಳು ಹೊರಕ್ಕೆ ಸಿಡಿಯಬಯಸಿ ಮೂತಿಯನ್ನು ಮೇಲೆತ್ತುತ್ತವೆ. ಆಗ ವಿಮಾನವು ತಟ್ಟೆಯಂತೆ ಅಡ್ಡಲಾಗಿ, ತನ್ನ ಗುರುತ್ವಕೇಂದ್ರದ ಸುತ್ತ ತಿರುಗುತ್ತ ನೆಟ್ಟಗೆ ಇಳಿಯುತ್ತದೆ. ಗಾಳಿಯು ಎದುರಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಜೋಳದ ರಾಶಿ ತೂರುವಾಗ ಬಣವೆಯ ಮರೆಯಲ್ಲಿ ನಿಂತವನಿಗೆ ಗಾಳಿ ಸಿಗದೆಂಬುದನ್ನು ಕಣ ಕಂಡವರೆಲ್ಲ ಬಲ್ಲರು. ಹಾಗೆಯೇ ಚುಕ್ಕಾಣಿಯು ಬಾಲದ ಅಡ್ಡರೆಕ್ಕೆಯ ಮತ್ತು ಒಡಲಿನ ಮರೆಗೆ ಬಿದ್ದು, ಚಾಲಕನು ಎಷ್ಟು ತುಳಿದರೂ ಅದಕ್ಕೆ ಹಿಡಿತ ಸಿಕ್ಕುವುದಿಲ್ಲ.

ಮೂತಿಯನ್ನು ಹೇಗಾದರೂ ಕೆಳಗಿಳಿಸುವುದೇ ಇಲ್ಲಿರುವ ಉಪಾಯ. 1970ರ ಫೆಬ್ರುವರಿಯಲ್ಲಿ ಅಮೆರಿಕದ ಮೊಂಟಾನಾದಲ್ಲಿ ಎಫ್-106 ಎಂಬ ಯುದ್ಧವಿಮಾನವು ಚಪ್ಪಟೆ ಗಿರಕಿಗೆ ಸಿಕ್ಕಿತು. ಚಾಲಕನು ಆಸನ ಸಮೇತ ಹೊರಚಿಮ್ಮಿದ ಮೇಲೆ ಅದು ತಾನಾಗಿಯೇ ಗಿರಕಿಯಿಂದ ಬಿಡಿಸಿಕೊಂಡು, ಹಿಮ ಮುಚ್ಚಿದ ಹೊಲದಲ್ಲಿ ಯಾರೂ ಇಲ್ಲದೆ ಇಳಿಯಿತು. ಆಸನವು ಚಿಮ್ಮಿದ ತಳ್ಳಿಕೆ ಮತ್ತು ತೂಕದ ಬದಲಾವಣೆಗಳೇ ಮೂತಿಯನ್ನು ತಗ್ಗಿಸಿದುವೆಂದು ವಿವರಿಸುತ್ತಾರೆ. ಇಂಥದನ್ನು ನಂಬಿ ವಿಮಾನ ಕಟ್ಟಲಾಗದು. ಗಿರಕಿಯ ಪರೀಕ್ಷೆಗೆ ಹೊರಡುವ ವಿಮಾನದ ಬಾಲಕ್ಕೆ ಒಂದು ಪ್ಯಾರಾಷೂಟನ್ನು ಜೋಡಿಸಿರುತ್ತಾರೆ. ಅದು ಬಿಚ್ಚಿಕೊಂಡು ಬಾಲವನ್ನು ಮೇಲಕ್ಕೆ ಜಗ್ಗಿ ಮೂತಿಯನ್ನು ಇಳಿಸುತ್ತದೆ, ಅನಂತರ ಅದನ್ನು ಕಳಚಿಬಿಡುತ್ತಾರೆ. ಅದೂ ಫಲಿಸದಿದ್ದರೆ, ಮೊದಲೇ ಗೊತ್ತುಮಾಡಿದ ಎತ್ತರದಲ್ಲಿ ಚಾಲಕನು ವಿಮಾನವನ್ನು ಬಿಟ್ಟು ಹೊರಬೀಳಬೇಕು. ಇನ್ನೊಂದು ಸುತ್ತು ನೋಡೋಣವೆಂಬ ಆಸೆಗೆ ಅಲ್ಲಿ ಎಡೆಯಿಲ್ಲ.

ನಿಜವಾದ ಬಿಡುಗಡೆಯು ಚಾಲಕನ ಕಾಲಿಗಿಂತ ಮೊದಲೇ ನಕ್ಷೆಯ ಹಲಗೆಯ ಮೇಲೆ ನಿರ್ಧಾರವಾಗಿರುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಹಳೆಯ ಕಿರಣ್ ತರಬೇತಿ ವಿಮಾನದ ಬದಲಿಗೆಂದು ರೂಪಿಸಿದ ಎಚ್‌ಜೆಟಿ-36 ಜೆಟ್ ವಿಮಾನವು 2003ರ ಮಾರ್ಚ್ 7ರಂದು ಮೊದಲು ಹಾರಿತು. ಬೇರೆ ಪರೀಕ್ಷೆಗಳು ಸಾಗಿದರೂ ಗಿರಕಿಯ ಗುಣಗಳು ತೃಪ್ತಿಕರವಾಗಿರಲಿಲ್ಲ. 2016ರಲ್ಲಿ ಆ ಪರೀಕ್ಷೆಯನ್ನು ತಡೆಹಿಡಿಯಬೇಕಾಯಿತು. ಮೊದಲ ಹಾರಾಟದಿಂದ ಅಷ್ಟರೊಳಗೆ 13 ವರ್ಷಗಳು ಸಂದಿದ್ದುವು. ವಿಳಂಬಕ್ಕೆ ಟೀಕೆಗಳೂ ಬಂದುವು. ಆದರೆ ಗಿರಕಿಯಿಂದ ಖಚಿತವಾಗಿ ಹೊರಬಾರದ ವಿಮಾನವನ್ನು ಕಲಿಯುವವರಿಗೆ ಕೊಡದೆ ನಿಲ್ಲಿಸಿದ್ದು ಸರಿಯೆಂದೇ ಈ ಲೇಖಕನ ಅಭಿಪ್ರಾಯ.

ಗಾಳಿಸುರಂಗದಲ್ಲಿ ವಿಸ್ತಾರವಾದ ಪ್ರಯೋಗಗಳನ್ನು ನಡೆಸಿ ವಿನ್ಯಾಸಕಾರರು ಮಾಡಿದ ಮಾರ್ಪಾಡು ಹೇಳಲು ಸರಳ: ನಿಂತ ಬಾಲವನ್ನು ಹಿಂದಕ್ಕೆ ಸರಿಸಿದರು, ಚುಕ್ಕಾಣಿಯನ್ನು ಉದ್ದಮಾಡಿದರು. ಬೀಸುವ ಕಲ್ಲಿನ ಗೂಟವನ್ನು ನಡುವಿಗೆ ಹತ್ತಿರ ನೆಟ್ಟರೆ ಕಲ್ಲು ಅಲುಗದು. ಅಂಚಿನಲ್ಲಿದ್ದರೆ ಸಣ್ಣ ಹುಡುಗಿಯೂ ತಿರುಗಿಸಬಲ್ಲಳು. ಚುಕ್ಕಾಣಿಯು ಗುರುತ್ವಕೇಂದ್ರದಿಂದ ದೂರವಾದಷ್ಟೂ ಅದರ ತಳ್ಳಿಕೆಗೆ ಅದೇ ಬಗೆಯ ಬಲ ಕೂಡುತ್ತದೆ. ಹೀಗೆ ಮಾರ್ಪಟ್ಟ ವಿಮಾನವು 2019ರ ಏಪ್ರಿಲ್ 17ರಂದು ಹಾರಿತು. 2022ರ ಜನವರಿಯ ಹೊತ್ತಿಗೆ ಅದು ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಗಿರಕಿ ಹೊಡೆದು ಹೊರಬಂದುದನ್ನು ಸಂಸ್ಥೆಯು ಪ್ರಕಟಿಸಿತು.