ವಿದ್ಯಾಶಾಲೆಯಲ್ಲಿ ಗೌರವ, ವಿಶ್ವಾಸ, ಸಹಕಾರ

ಪದಗಳ ಮೂಲವನ್ನು ಅರಸಿ ಹೊರಟವರಿಗೆ ಕೆಲವೊಮ್ಮೆ ಲೋಕವ್ಯವಹಾರದ ಮರ್ಮವೇ ಕೈಗೆ ಸಿಗುವುದುಂಟು. ‘ಗೌರವ’ ಎಂಬುದು ‘ಗುರು’ ಶಬ್ದದಿಂದ ಹುಟ್ಟಿದ ಭಾವನಾಮ. ಗುರು ಎಂದರೆ ಭಾರವಾದುದು, ತೂಕವುಳ್ಳದ್ದು, ಲಘುವಿಗೆ ಇದಿರಾದುದು. ಛಂದಸ್ಸಿನ ಪಾಠದಲ್ಲಿ ಗುರುಲಘುಗಳನ್ನು ಗುರುತಿಸಿ ಪ್ರಸ್ತಾರ ಹಾಕಿದ ವಿದ್ಯಾರ್ಥಿಗೆ ಇದು ಹೊಸ ಸಂಗತಿಯಲ್ಲ. ಆದುದರಿಂದ ಒಬ್ಬರನ್ನು ಗೌರವಿಸುವುದೆಂದರೆ ಅವರ ಮಾತಿಗೂ ಇರವಿಗೂ ತೂಕವುಂಟೆಂದು ಎಣಿಸುವುದು, ಅವರನ್ನು ಹಗುರವಾಗಿ ಕಾಣದಿರುವುದು. ‘ವಿಶ್ವಾಸ’ದ ಒಳಗಿರುವುದು ಉಸಿರಾಡು ಎಂಬ ಅರ್ಥದ ‘ಶ್ವಸ್’ ಧಾತು. ಯಾರ ಸನ್ನಿಧಿಯಲ್ಲಿ ಉಸಿರು ಬಿಗಿಹಿಡಿಯದೆ ಸಲೀಸಾಗಿ ಉಸಿರಾಡಬಹುದೋ ಅವರಲ್ಲಿ ನಮಗೆ ವಿಶ್ವಾಸವುಂಟೆಂದು ಅರ್ಥ. ‘ಸಹಕಾರ’ಕ್ಕೆ ಇಷ್ಟು ವಿವರಣೆ ಬೇಡ, ಕೂಡಿ ಮಾಡುವುದೇ ಸಹಕಾರ.

ಶಾಲೆಯ ಗೋಡೆಗಳ ಮೇಲೆ ಈ ಮೂರು ಪದಗಳೂ ಬಣ್ಣದಲ್ಲಿ ಬರೆಯಲ್ಪಟ್ಟಿರುವುದು ಅಪರೂಪವೇನಲ್ಲ. ಆದರೆ ಅವುಗಳನ್ನು ಓದುವ ಬಗೆಯಲ್ಲಿ ಒಂದು ವಕ್ರತೆ ಬಹುಕಾಲದಿಂದ ನುಸುಳಿದೆ. ಗೌರವವೆಂದರೆ ಕಿರಿಯರು ಹಿರಿಯರಿಗೆ ಸಲ್ಲಿಸತಕ್ಕ ಕಾಣಿಕೆ, ವಿಶ್ವಾಸವೆಂದರೆ ಕೆಳಗಿನವರು ಮೇಲಿನವರಲ್ಲಿ ಇಡತಕ್ಕ ಭಾವ, ಸಹಕಾರವೆಂದರೆ ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವುದು ಎಂಬ ಗ್ರಹಿಕೆ ಅದು. ನಮ್ಮ ಪ್ರಾಚೀನ ವಿದ್ಯಾಸಂಪ್ರದಾಯವೇ ಇದಕ್ಕೆ ಆಧಾರವೆಂದು ಹೇಳುವವರೂ ಉಂಟು. ಆದರೆ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ನೀಡುವ ಉಪದೇಶವನ್ನು ನೋಡಬೇಕು. ತಂದೆತಾಯಿಗಳನ್ನೂ ಆಚಾರ್ಯನನ್ನೂ ದೇವರೆಂದು ಭಾವಿಸೆಂಬ ಮಾತು ಎಲ್ಲರಿಗೂ ಕಂಠಪಾಠ. ಅದರ ಬೆನ್ನಿಗೇ ಬರುವ ಮಾತನ್ನು ಉದ್ಧರಿಸುವವರು ವಿರಳ. ನಮ್ಮಲ್ಲಿ ಯಾವುವು ಒಳ್ಳೆಯ ನಡತೆಗಳೋ ಅವನ್ನಷ್ಟೇ ಅನುಸರಿಸು, ಉಳಿದವನ್ನಲ್ಲ ಎಂಬುದು ಅದರ ತಾತ್ಪರ್ಯ. ತನ್ನಲ್ಲಿಯೂ ಅನುಸರಿಸಲಾಗದ ಅಂಶಗಳಿವೆಯೆಂದು ಶಿಷ್ಯನ ಮುಂದೆ ನುಡಿಯಬಲ್ಲ ಆಚಾರ್ಯನು ಶಿಷ್ಯನ ವಿವೇಕಕ್ಕೆ ತೂಕ ಕೊಟ್ಟಿದ್ದಾನೆ. ಅಲ್ಲಿ ಗೌರವವು ಮೊದಲು ಮೇಲಿನಿಂದ ಕೆಳಗೆ ಇಳಿದಿದೆ. ಅನಂತರ ಅದು ಮೇಲೇರುವುದು ಸಹಜ.

ತರಗತಿಯಲ್ಲಿ ಇದು ಪರೀಕ್ಷೆಗೊಳಗಾಗುವುದು ಮಗು ತಪ್ಪು ಮಾಡಿದ ಕ್ಷಣದಲ್ಲಿ. ಕನ್ನಡ ಪಾಠದ ಒಂದು ನಿದರ್ಶನವನ್ನೇ ತೆಗೆದುಕೊಳ್ಳಬಹುದು. ಹಳ್ಳಿಯಿಂದ ಬಂದ ಬಾಲಕನೊಬ್ಬ ಗಟ್ಟಿಯಾಗಿ ಓದುವಾಗ ‘ಹಾಲು’ ಎಂಬುದನ್ನು ‘ಆಲು’ ಎಂದೂ, ‘ಹಸು’ವನ್ನು ‘ಅಸು’ ಎಂದೂ ಉಚ್ಚರಿಸುತ್ತಾನೆ. ಉಪಾಧ್ಯಾಯರು ನಗುತ್ತಾರೆ. ಅವರು ನಕ್ಕರೆಂದು ನಲವತ್ತು ಮಕ್ಕಳು ನಗುತ್ತಾರೆ. ಆ ಬಾಲಕ ಮರುದಿನದಿಂದ ಕೈಯೆತ್ತುವುದಿಲ್ಲ. ಓದಲು ಹೇಳಿದರೆ ಕಣ್ಣುನೋವೆನ್ನುತ್ತಾನೆ. ಅವನಾಡಿದ್ದು ಅವನ ತಾಯಿಯ ನುಡಿ. ನಕ್ಕದ್ದು ಅವನನ್ನು ಮಾತ್ರವಲ್ಲ, ಅವನ ಮನೆಯನ್ನು ಎಂಬುದು ಅವನಿಗೆ ಯಾರೂ ಹೇಳದೆಯೇ ತಿಳಿದುಬಿಡುತ್ತದೆ.

ಭಾಷೆಯ ಚರಿತ್ರೆಯನ್ನು ಬಲ್ಲ ಉಪಾಧ್ಯಾಯರು ಇಲ್ಲಿ ನಗಬೇಕಾದ ಕಾರಣವೇ ಇಲ್ಲ. ಹಳಗನ್ನಡದಲ್ಲಿ ಆ ಶಬ್ದ ‘ಪಾಲ್’ ಎಂದಿತ್ತು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಪದಾದಿಯ ಪಕಾರವು ಹಕಾರವಾಗತೊಡಗಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವ ಹೊತ್ತಿಗೆ ವ್ಯಾಕರಣವೂ ಆ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ‘ಪಾಲು’ ‘ಹಾಲು’ ಆದ ದಾರಿಯಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋದರೆ ‘ಆಲು’. ಆ ಬಾಲಕ ಭಾಷೆಯನ್ನು ಕೆಡಿಸಿದವನಲ್ಲ, ಅದರ ಹರಿವಿನಲ್ಲಿ ಇರುವವನು. ಇದನ್ನು ಐದು ನಿಮಿಷ ಕರಿಹಲಗೆಯ ಮೇಲೆ ಬರೆದು ವಿವರಿಸಿ, ‘ನಿನ್ನ ಮನೆಯ ಮಾತು ಮನೆಗೆ ಸರಿ, ಗ್ರಂಥದ ಮಾತು ಬರೆವಣಿಗೆಗೆ ಬೇಕು, ಎರಡನ್ನೂ ಬಲ್ಲವನಾಗು’ ಎಂದರೆ ಇಡೀ ತರಗತಿಗೆ ಒಂದು ವ್ಯಾಕರಣ ಪಾಠವಾಗುತ್ತದೆ. ಆ ಬಾಲಕನಿಗೂ ಉಸಿರಾಡಲು ಎಡೆ ದೊರೆಯುತ್ತದೆ. ಶಿಷ್ಟರೂಪವನ್ನು ಕಲಿಸಬೇಡವೆಂದು ಇದರ ಅರ್ಥವಲ್ಲ. ಶಿಷ್ಟರೂಪವನ್ನು ಕಲಿಯಬೇಕಾದರೆ ಬಾಯಿ ತೆರೆಯಬೇಕಷ್ಟೆ.

ನಗೆಯ ಬಳಿಕ ಬೆತ್ತದ ವಿಚಾರ. ಹಿಂದಿನ ಕೂಲಿಮಠಗಳಲ್ಲಿ ಬಸ್ಕಿ, ಬಗ್ಗಿ ನಿಲ್ಲಿಸುವುದು, ಕೋದಂಡ ಮೊದಲಾದ ಶಿಕ್ಷೆಗಳಿದ್ದುದನ್ನು ಹಿರಿಯರು ಇಂದಿಗೂ ನಗುತ್ತ ನೆನೆಯುವುದುಂಟು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ಒಬ್ಬರಲ್ಲ ಒಬ್ಬರು ಎದ್ದು, ಅಂದು ಗುರುಗಳು ಹೊಡೆದುದರಿಂದಲೇ ಇಂದು ಈ ಮಟ್ಟಕ್ಕೆ ಬಂದೆವೆಂದು ಕೃತಜ್ಞತೆಯಿಂದ ಹೇಳುತ್ತಾರೆ. ಆ ಕೃತಜ್ಞತೆ ಪ್ರಾಮಾಣಿಕವಾದುದೇ. ಅದನ್ನು ಅಲ್ಲಗಳೆಯುವುದು ಸೌಜನ್ಯವಲ್ಲ. ಆದರೆ ಸಮ್ಮೇಳನಕ್ಕೆ ಬಂದವರು ಏಟನ್ನು ಸಹಿಸಿ ಉಳಿದವರು. ಏಟಿಗೆ ಅಂಜಿ ಮೂರನೆಯ ತರಗತಿಯಲ್ಲಿಯೋ ಏಳನೆಯ ತರಗತಿಯಲ್ಲಿಯೋ ಶಾಲೆ ಬಿಟ್ಟು ದನದ ಹಿಂದೆ ಹೋದವರಿಗೆ, ಗಿರಣಿಗೋ ಹೋಟೆಲಿಗೋ ಸೇರಿದವರಿಗೆ ಆಮಂತ್ರಣಪತ್ರಿಕೆ ಹೋಗುವುದಿಲ್ಲ. ಅವರ ಸಾಕ್ಷ್ಯವನ್ನು ಕೇಳದೆ ಬೆತ್ತದ ಪರವಾಗಿ ತೀರ್ಪು ಕೊಡುವುದು ನ್ಯಾಯವೇ ಎಂಬುದು ವಿಚಾರಾರ್ಹ. ಉಳಿದವರು ಮೇಲೆ ಬಂದುದು ಬೆತ್ತದ ದೆಸೆಯಿಂದಲೋ, ಬೆತ್ತ ಹಿಡಿದಿದ್ದ ಆ ಗುರುಗಳು ಸಂಜೆ ಮನೆಗೆ ಕರೆದು ಉಚಿತವಾಗಿ ಪಾಠ ಹೇಳಿದ ದೆಸೆಯಿಂದಲೋ ಎಂಬುದನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ.

ಈಗಿನ ಕಾಲಕ್ಕೆ ಈ ಪ್ರಶ್ನೆಯನ್ನು ಶಾಸನವೇ ಇತ್ಯರ್ಥಗೊಳಿಸಿದೆ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತವು ಬಹುಪಾಲು ಕೊಠಡಿಗಳಿಂದ ಹೊರಗೆ ಹೋಯಿತು. ಆದರೆ ಮಾತಿನ ಬೆತ್ತ ಉಳಿದುಕೊಂಡಿರುವ ಕಡೆಗಳಲ್ಲಿ ಮಗು ತನ್ನ ಅಜ್ಞಾನವನ್ನು ಮುಚ್ಚಿಡುವ ಕಲೆಯನ್ನೇ ಮೊದಲು ಕಲಿಯುತ್ತದೆ. ತಿಳಿಯಲಿಲ್ಲವೆಂದು ಹೇಳಲು ಹೆದರುವ ಮಗು ಪಕ್ಕದವನ ಪುಸ್ತಕವನ್ನು ನೋಡಿ ಬರೆಯುತ್ತದೆ. ಪರೀಕ್ಷೆಯ ಕಾಲಕ್ಕೆ ಅದನ್ನೇ ನಕಲು ಎಂದು ಕರೆದು ಮತ್ತೊಮ್ಮೆ ದಂಡಿಸುತ್ತೇವೆ.

ಮಕ್ಕಳ ಮಾತು ಇಂತಾದರೆ ಉಪಾಧ್ಯಾಯರ ನಡುವಣ ಸ್ಥಿತಿ ಹೇಗೆ? ತಾವೇ ಉಸಿರು ಬಿಗಿಹಿಡಿದವರು ಮಕ್ಕಳಿಗೆ ಉಸಿರಾಟ ಕಲಿಸಲಾರರು. ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಬಳಿಕ ನಡೆಯುವ ಸಭೆ ಎಲ್ಲರೂ ಬಲ್ಲದ್ದು. ಪ್ರಥಮಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳ ಲೆಕ್ಕದಲ್ಲಿ ಯಾರ ವಿಷಯದಲ್ಲಿ ಎಷ್ಟು ಮಂದಿ ಬಿದ್ದರೆಂಬ ಪಟ್ಟಿ ಓದಲ್ಪಡುತ್ತದೆ. ಗಣಿತದವರು ತಲೆ ತಗ್ಗಿಸುತ್ತಾರೆ. ಇಂಗ್ಲಿಷಿನವರು ಕಾರಣ ಹೇಳುತ್ತಾರೆ. ಕನ್ನಡದವರು ಈ ಸಲ ಪಾರಾದೆವೆಂದು ಸುಮ್ಮನಿರುತ್ತಾರೆ. ಆ ಮೌನವೇ ಅಸಹಕಾರ. ಏಕೆಂದರೆ ಗಣಿತದಲ್ಲಿ ಬಿದ್ದ ಮಕ್ಕಳ ಉತ್ತರಪತ್ರಿಕೆಗಳನ್ನು ಕನ್ನಡದವರೂ ಕುಳಿತು ನೋಡಿದರೆ ಒಂದು ಸಂಗತಿ ಹೊರಬೀಳಬಹುದು: ಕೂಡುವುದು, ಕಳೆಯುವುದು, ಭಾಗಿಸುವುದು ಬಲ್ಲ ಹುಡುಗನೇ, ಲೆಕ್ಕವನ್ನು ಮೂರು ವಾಕ್ಯಗಳ ಕಥೆಯಾಗಿ ಕೊಟ್ಟಾಗ ಎಡವುತ್ತಾನೆ. ‘ಉಳಿದುದರಲ್ಲಿ ಅರ್ಧ’ ಎಂಬುದನ್ನು ‘ಇದ್ದುದರಲ್ಲಿ ಅರ್ಧ’ ಎಂದು ಓದಿಕೊಂಡವನಿಗೆ ಇನ್ನಷ್ಟು ಭಾಗಾಕಾರ ಮಾಡಿಸುವುದರಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ಕನ್ನಡದವರ ಸಹಾಯ. ಇಬ್ಬರೂ ಒಂದೇ ಕೊಠಡಿಯಲ್ಲಿ ಚಹಾ ಕುಡಿಯುತ್ತಾರೆ. ಆದರೂ ‘ನನ್ನ ತರಗತಿಗೆ ಒಂದು ದಿನ ಬಂದು ಕುಳಿತು ನೋಡಿ’ ಎಂದು ಒಬ್ಬರನ್ನೊಬ್ಬರು ಕರೆಯಲು ಸಂಕೋಚ. ತಪ್ಪು ಕಂಡರೆ ಅದು ಮುಖ್ಯೋಪಾಧ್ಯಾಯರ ಕಿವಿಗೆ ಹೋದೀತೆಂಬ ಅಂಜಿಕೆ.

ಈ ಅಂಜಿಕೆಯ ಫಲವನ್ನು ಕಡೆಗೆ ತೆರುವವರು ಮಕ್ಕಳೇ. ನೂರಕ್ಕೆ ನೂರು ಫಲಿತಾಂಶದ ಕೀರ್ತಿಗಾಗಿ ಒಂಬತ್ತನೆಯ ತರಗತಿಯ ಕೊನೆಯಲ್ಲಿ ಹಿಂದುಳಿದ ಮಗುವಿನ ತಂದೆಯನ್ನು ಕರೆಸಿ, ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಪದ್ಧತಿ ಕೆಲವೆಡೆ ಸದ್ದಿಲ್ಲದೆ ಬೆಳೆದಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂಬ ರಕ್ಷಣೆ ಮೇಲೆ ಹೇಳಿದ ಕಾಯಿದೆಯಲ್ಲಿಯೇ ಇದೆ. ಒಂಬತ್ತಕ್ಕೆ ಬಂದ ಮಗುವಿಗೆ ಆ ಆಸರೆಯಿಲ್ಲ. ಹೀಗೆ ಗಳಿಸಿದ ನೂರು ಎಂತಹ ನೂರೆಂಬುದನ್ನು ಆ ತಂದೆಯನ್ನೇ ಕೇಳಬೇಕು.

ಮಕ್ಕಳು ಪರಸ್ಪರ ಕಲಿಸುವ ಸಹಕಾರವಂತೂ ನಮ್ಮ ನೆಲಕ್ಕೆ ಹಳೆಯದು. ಊರಿನ ಮಠದಲ್ಲಿ ಹಿರೇಮಣಿಯು ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ಇಂತಹುದೇ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡನು. ತನ್ನ ಶಾಲೆಯ ಉಪಾಧ್ಯಾಯರು ಅದನ್ನು ಒಪ್ಪದಿದ್ದಾಗ ಎಂಟು ವರ್ಷದ ಬಾಲಕನೊಬ್ಬನ ಕೈಗೆ ಅಕ್ಷರಾಭ್ಯಾಸದ ಕೆಲಸವನ್ನು ಒಪ್ಪಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಗಿ, ಮುಂದೆ ಅದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. ಆದರೆ ಇಂಗ್ಲೆಂಡಿನಲ್ಲಿ ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್ ಇವರ ಪದ್ಧತಿಗಳು ಹಬ್ಬಿದಂತೆ, ಒಬ್ಬನೇ ಉಪಾಧ್ಯಾಯನ ಕೆಳಗೆ ನೂರಾರು ಮಕ್ಕಳನ್ನು ಕಡಿಮೆ ವೆಚ್ಚದಲ್ಲಿ ನಡೆಸುವ ಯಂತ್ರವಾಗಿ ಅದು ಮಾರ್ಪಟ್ಟಿತು. ಹಿರೇಮಣಿ ಅಲ್ಲಿ ಅಣ್ಣನಾಗಿ ಉಳಿಯದೆ ಮೇಸ್ತ್ರಿಯಾದನು. ಗದ್ದಲ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ಕೆಲಸವನ್ನು ತರಗತಿಯ ನಾಯಕನಿಗೆ ಒಪ್ಪಿಸುವ ನಮ್ಮ ಇಂದಿನ ವಾಡಿಕೆಯಲ್ಲಿಯೂ ಆ ಮೇಸ್ತ್ರಿತನದ ನೆರಳಿದೆ.

ಇದಕ್ಕೆ ಪ್ರತಿಯಾಗಿ ಕರ್ನಾಟಕದಲ್ಲಿಯೇ ಒಂದು ಉತ್ತಮ ಉದಾಹರಣೆಯುಂಟು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಅಲ್ಲಿಯ ಬೋಧನಕ್ರಮವನ್ನು ನೋಡಿ ಬಂದರು. ಹಿಂದಿರುಗಿದವರು ಕಂಡದ್ದನ್ನು ಹಾಗೆಯೇ ನಕಲು ಮಾಡಲಿಲ್ಲ. ಯುನಿಸೆಫ್ ಸಂಸ್ಥೆಯ ನೆರವಿನಿಂದ ತಾವೇ ಕುಳಿತು ಕಲಿಕಾ ಏಣಿಯನ್ನು ಹೆಣೆದರು, ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಪ್ರಯೋಗಿಸಿದರು, ಮತ್ತೆ ತಿದ್ದಿದರು. ಅದೇ ‘ನಲಿ-ಕಲಿ’. ಅದರಲ್ಲಿ ಮಕ್ಕಳು ಐದು ಗುಂಪುಗಳಾಗಿ ನೆಲದ ಮೇಲೆ ವೃತ್ತಾಕಾರದಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಮತ್ತೊಂದಕ್ಕೆ ಭಾಗಶಃ ಸಹಾಯ, ಮೂರನೆಯದಕ್ಕೆ ಸಹಪಾಠಿಗಳ ಪೂರ್ಣ ಸಹಾಯ, ನಾಲ್ಕನೆಯದಕ್ಕೆ ಸಹಪಾಠಿಗಳ ಭಾಗಶಃ ಸಹಾಯ, ಐದನೆಯದು ಸ್ವಕಲಿಕೆ. ಮಗು ಕಲಿಕೆಯಲ್ಲಿ ಮುಂದುವರಿದಂತೆ ಗುಂಪಿನಿಂದ ಗುಂಪಿಗೆ ಸಾಗುತ್ತದೆ. ಇಂದು ಸಹಾಯ ಪಡೆದ ಮಗು ನಾಳೆ ಇನ್ನೊಂದಕ್ಕೆ ಸಹಾಯ ಮಾಡುತ್ತದೆ. ಯಾರೂ ಖಾಯಂ ಮೇಸ್ತ್ರಿಯಲ್ಲ, ಯಾರೂ ಖಾಯಂ ದಡ್ಡನಲ್ಲ. ಹದಿನೈದು ದಿನ ಜ್ವರದಿಂದ ಮಲಗಿದ್ದ ಮಗು ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮತ್ತೆ ಹೊರಡುತ್ತದೆ. 2009-10ರಲ್ಲಿ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಮೇಲಿನಿಂದ ಬಂದ ಆಜ್ಞೆಯಾಗಿ ತಲಪಿದ ಕಡೆಗಳಲ್ಲಿ ಅದು ಕೋಟೆಯ ಶಿಕ್ಷಕರ ಕೈಯಲ್ಲಿದ್ದ ಕಳೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿತೆಂಬುದು ಬೇರೆ ಮಾತು. ತಾವೇ ಕಟ್ಟಿದುದರ ಮೇಲೆ ಇರುವ ಅಕ್ಕರೆ ಕೈಗೆ ಕೊಟ್ಟುದರ ಮೇಲೆ ಬರಲು ಕಾಲ ಬೇಕು.

ಇನ್ನು ಆಡಳಿತ ಮಂಡಳಿ ಮತ್ತು ದಾನಿಗಳು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರಲ್ಲಿ ಮೊದಲಿಗರು ಶಿ. ಶಿ. ಬಸವನಾಳರೇ ಮೊದಲಾದ ಏಳು ಮಂದಿ ತರುಣ ಶಿಕ್ಷಕರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಬೆನ್ನಿಗೆ ನಿಂತು ನೆರವಾದ ಗಿಲಗಂಚಿ, ಅರಟಾಳ ಮಹನೀಯರ ಹೆಸರುಗಳನ್ನು ಅವರ ಪ್ರಥಮ ಪ್ರೌಢಶಾಲೆ ಇಂದಿಗೂ ಹೊತ್ತಿದೆ. ಪಾಠ ಹೇಳುವವರೇ ಸಂಸ್ಥೆಯನ್ನು ಕಟ್ಟಿದರು, ಧನವಂತರು ಅವರಲ್ಲಿ ವಿಶ್ವಾಸವಿಟ್ಟರು ಎಂಬುದು ಅಲ್ಲಿಯ ವಿಶೇಷ. ಉಪಾಧ್ಯಾಯರನ್ನು ಸಮಾರಂಭದ ದಿನ ಕುರ್ಚಿ ಜೋಡಿಸುವವರನ್ನಾಗಿಯೂ ಉಳಿದ ದಿನ ಸಹಿ ಹಾಕುವವರನ್ನಾಗಿಯೂ ಮಾತ್ರ ಕಾಣುವ ಮಂಡಳಿಗಳು ಈ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳಬೇಕು. ಪೋಷಕರನ್ನೂ ಶಾಲೆಯ ಆಗುಹೋಗುಗಳಲ್ಲಿ ಪಾಲುಗೊಳಿಸಲು 2001ರಲ್ಲಿ ರಾಜ್ಯಸರ್ಕಾರವು ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಖಾಸಗಿ ಸಂಸ್ಥೆಗಳು ಸರ್ಕಾರದ ಆದೇಶಕ್ಕಾಗಿ ಕಾಯಬೇಕಾದುದಿಲ್ಲ.

ದಾನಿಗಳು ಕೊಟ್ಟ ಕೊಠಡಿಯ ಮೇಲೆ ಅವರ ಹೆಸರಿನ ಕಲ್ಲು ಇರುವುದು ನ್ಯಾಯವೇ. ಅದನ್ನು ನೋಡಲು ಬಂದ ದಿನ ಅವರು ಇನ್ನೊಂದನ್ನೂ ನೋಡಬಹುದು. ಪ್ರತಿ ಶಾಲೆಯ ಕಛೇರಿಯಲ್ಲಿಯೂ ದಪ್ಪ ರಟ್ಟಿನ ದಾಖಲಾತಿ ಪುಸ್ತಕವಿರುತ್ತದೆ. ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕ, ಸೇರಿದ ತರಗತಿ ಇವೆಲ್ಲ ಕಳೆದ ಮೇಲೆ, ಪುಟದ ಬಲಗೊನೆಯಲ್ಲಿ ಶಾಲೆ ಬಿಟ್ಟ ದಿನಾಂಕ ಮತ್ತು ಕಾರಣಗಳಿಗೆ ಎಡೆಯಿದೆ. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರೆಂಬುದನ್ನು ಅರ್ಧಗಂಟೆಯಲ್ಲಿ ಎಣಿಸಿಬಿಡಬಹುದು. ನಡುವೆ ಹೊರಟುಹೋದವರ ಹೆಸರಿನ ಮುಂದೆ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಒಂದೇ ಕೈಬರಹದಲ್ಲಿ ಸಾಲಾಗಿ ಬರೆದಿದ್ದರೆ, ಆ ಪೋಷಕರಲ್ಲಿ ಒಬ್ಬರ ಮನೆ ಯಾವ ಓಣಿಯಲ್ಲಿದೆಯೆಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಅವರನ್ನೂ ಕರೆದುಕೊಂಡು ಅಲ್ಲಿಯವರೆಗೆ ನಡೆದುಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.