ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಯಾಕೆ ತಿರುಗಲ್ಲ? ಮಣಿಕಟ್ಟಿನ ಫಿಸಿಯೋಥೆರಪಿ, ಸರಳವಾಗಿ

ಇವತ್ತಿನ ಎಪಿಸೋಡ್ ಮಣಿಕಟ್ಟಿನ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಇಲ್ಲಿ ಹೇಳೋದು ಎಲ್ಲರಿಗೂ ಅನ್ವಯಿಸೋ ಸಾಮಾನ್ಯ ಮಾಹಿತಿ. ನಿಮ್ಮ ಕೈ ಬಗ್ಗೆ ಕೊನೆ ಮಾತು ನಿಮ್ಮ ಎಲುಬಿನ ಡಾಕ್ಟರದು ಮತ್ತು ಫಿಸಿಯೋಥೆರಪಿಸ್ಟ್‌ದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿ ಮೇಲಿವೆ, ರಾಷ್ಟ್ರೀಯ ಹೆದ್ದಾರಿ 150ಎ. ಈ ರಸ್ತೆಯಲ್ಲಿ ಬೈಕ್ ಸ್ಲಿಪ್ ಆದವರಿರಲಿ, ಕಾಲುವೆ ದಂಡೆ ಮೇಲೆ ಜಾರಿದವರಿರಲಿ, ಬಚ್ಚಲಲ್ಲಿ ಬಿದ್ದ ಅಮ್ಮಂದಿರಿರಲಿ, ಬೀಳುವಾಗ ಎಲ್ಲರೂ ಮಾಡೋದು ಒಂದೇ ಕೆಲಸ. ಅಂಗೈ ಮುಂದೆ ಚಾಚ್ತಾರೆ. ಇಡೀ ಮೈಭಾರ ಆ ಅಂಗೈ ಮೇಲೆ ಬೀಳುತ್ತೆ. ಮುಂಗೈಯಲ್ಲಿ ಎರಡು ಎಲುಬು ಇವೆ. ಹೆಬ್ಬೆರಳ ಕಡೆ ಇರೋದು ರೇಡಿಯಸ್, ಕಿರುಬೆರಳ ಕಡೆ ಇರೋದು ಅಲ್ನಾ. ಹೆಚ್ಚಾಗಿ ಮುರಿಯೋದು ರೇಡಿಯಸ್‌ನ ತುದಿ, ಮಣಿಕಟ್ಟಿನ ಹತ್ತಿರ.

ಇದು ಹಳೇ ಪೆಟ್ಟು. 1814ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ಸರ್ಜನ್ ಅಬ್ರಹಾಂ ಕಾಲಿಸ್ ಇದನ್ನ ವಿವರಿಸಿ ಬರೆದರು. ಎಕ್ಸ್‌ರೇ ಕಂಡುಹಿಡಿದಿದ್ದು 1895ರಲ್ಲಿ, ಅಂದ್ರೆ ಅದಕ್ಕೂ 81 ವರ್ಷ ಮೊದಲು! ಇಂದಿಗೂ ಇದರ ಒಂದು ಬಗೆಗೆ ಕಾಲಿಸ್ ಫ್ರ್ಯಾಕ್ಚರ್ ಅಂತಲೇ ಹೆಸರು. ಆಗ ಕಾಲಿಸ್ ಕೊಟ್ಟ ಸಮಾಧಾನ ಏನಂದ್ರೆ, ಎಷ್ಟೋ ಕಾಲದ ಮೇಲೆ ಕೈ ಮತ್ತೆ ಸಲೀಸಾಗಿ ಆಡುತ್ತೆ, ನೋವು ಹೋಗುತ್ತೆ ಅಂತ. ದಿನಗೂಲಿ ಮೇಲೆ ಮನೆ ನಡೆಸೋರಿಗೆ ಅಷ್ಟು ಕಾಲ ಕಾಯೋಕೆ ಆಗಲ್ಲ. ಫಿಸಿಯೋಥೆರಪಿ ಬೇಕಾಗೋದು ಅದಕ್ಕೇ.

ಎಲುಬು ಕೂಡಿದೆ, ಕೈ ಕೂಡಿಲ್ಲ

ದೊಡ್ಡವರಿಗೆ ಪ್ಲಾಸ್ಟರ್ ಸಾಮಾನ್ಯವಾಗಿ 5ರಿಂದ 6 ವಾರ ಇರುತ್ತೆ. ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ರೆ ಡಾಕ್ಟರ್ ಬೇಗನೇ ಕೈ ಆಡಿಸೋಕೆ ಹೇಳಬಹುದು. ಪ್ಲಾಸ್ಟರ್ ಬಿಚ್ಚಿದ ದಿನ ತುಂಬಾ ಜನ ಗಾಬರಿ ಆಗ್ತಾರೆ. ಕೈ ಸಣ್ಣಗಾಗಿರುತ್ತೆ, ಚರ್ಮ ಒಣಗಿ ಸುಲಿದಿರುತ್ತೆ, ಮಣಿಕಟ್ಟು ಕಟ್ಟಿಗೆ ತರ ಆಗಿರುತ್ತೆ. "ಎಲುಬು ಸರಿ ಕೂಡಿಲ್ಲೇನೋ" ಅನ್ನೋ ಅನುಮಾನ ಬರುತ್ತೆ.

ಎಷ್ಟೋ ಸಲ ಎಲುಬು ಸರಿಯಾಗೇ ಕೂಡಿರುತ್ತೆ. ಆದ್ರೆ ಆರು ವಾರ ಅಲುಗಾಡದೆ ಇದ್ದಾಗ ಕೀಲಿನ ಸುತ್ತ ಇರೋ ಚೀಲದಂಥ ಪೊರೆ ಬಿಗಿಯುತ್ತೆ, ಸ್ನಾಯು ಕರಗುತ್ತೆ, ಬೆರಳು ಎಳೆಯೋ ಹುರಿಗಳು ಅಕ್ಕಪಕ್ಕಕ್ಕೆ ಅಂಟಿಕೊಂಡ ಹಾಗೆ ಆಗುತ್ತೆ. ಎಲುಬು ಕೂಡೋ ಕೆಲಸ ದೇಹ ತಾನೇ ಮಾಡ್ಕೊಳ್ಳುತ್ತೆ. ಕೈ ಆಡೋ ಹಾಗೆ ಮಾಡೋ ಕೆಲಸ ನಾವು ಮಾಡಬೇಕು.

ಪ್ಲಾಸ್ಟರ್ ಇದ್ದಾಗಲೇ ಶುರು ಮಾಡಿ

ಪ್ಲಾಸ್ಟರ್ ಹಾಕಿದ ದಿನದಿಂದಲೇ ಬೆರಳು ಆಡಿಸಬೇಕು. ಡಾಕ್ಟರ್ ಬೇಡ ಅಂದಿಲ್ಲ ಅಂದ್ರೆ ದಿನಕ್ಕೆ ಹಲವು ಸಲ ಪೂರ್ತಿ ಮುಷ್ಟಿ ಕಟ್ಟಿ ಬಿಚ್ಚಿ. ಹೆಬ್ಬೆರಳನ್ನ ಒಂದೊಂದೇ ಬೆರಳಿಗೆ ಮುಟ್ಟಿಸಿ. ಮೊಣಕೈ ಮಡಚಿ ಚಾಚಿ. ಭುಜ ತಲೆ ಮೇಲಿನ ತನಕ ಎತ್ತಿ. ಕೊರಳಿಗೆ ಜೋಳಿಗೆ ಕಟ್ಟಿಕೊಂಡು ಆರು ವಾರ ಸುಮ್ಮನೆ ಕೂತರೆ ಮಣಿಕಟ್ಟಿನ ಜೊತೆ ಭುಜವೂ ಹಿಡ್ಕೊಳ್ಳುತ್ತೆ. ಮೊದಲ ಕೆಲವು ದಿನ ಕೈಯನ್ನ ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲೆ ಇಡಿ, ಬಾವು ಇಳಿಯುತ್ತೆ. ಉಂಗುರ ಮೊದಲೇ ತೆಗೆದಿಡಿ.

ಬೆರಳು ನೀಲಿ ಆದ್ರೆ, ಜೋಮು ಹಿಡಿದ್ರೆ, ನೋವು ಗಂಟೆಗಂಟೆಗೂ ಏರ್ತಾ ಹೋದ್ರೆ ಪ್ಲಾಸ್ಟರ್ ಬಿಗಿ ಆಗಿರಬಹುದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಾಟಿ ಕಟ್ಟು ಹಾಕಿಸ್ಕೊಳ್ಳೋರಿಗೂ ಇದೇ ಮಾತು. ಜೊತೆಗೆ, ಕಟ್ಟುವ ಮೊದಲು ಎಕ್ಸ್‌ರೇ ಬೇಕೇ ಬೇಕು. ಎಲುಬು ಸರಿದಿದೆಯಾ ಅಂತ ಕೈಯಿಂದ ಮುಟ್ಟಿ ಪೂರ್ತಿ ಗೊತ್ತಾಗಲ್ಲ.

ಬಿಚ್ಚಿದ ಮೇಲೆ: ಮೊದಲು ಚಲನೆ, ಆಮೇಲೆ ಬಲ

ಈ ಕ್ರಮ ತಪ್ಪಬಾರದು. ಮೊದಲ ವಾರಗಳಲ್ಲಿ ಭಾರ ಎತ್ತೋದಿಲ್ಲ, ಕೀಲು ಸಡಿಲ ಮಾಡೋದಷ್ಟೇ. ವ್ಯಾಯಾಮಕ್ಕೆ ಮುಂಚೆ ಹತ್ತು ನಿಮಿಷ ಕೈಯನ್ನ ಬೆಚ್ಚಗಿನ ನೀರಲ್ಲಿ ಇಡಿ. ಆಮೇಲೆ ಈ ಮೂರು:

ಒಂದು, ಮುಂಗೈಯನ್ನ ಟೇಬಲ್ ಮೇಲಿಟ್ಟು ಅಂಗೈ ಅಂಚಿನಿಂದ ಹೊರಗೆ ಇರಲಿ. ಕೈ ನಿಧಾನ ಮೇಲೆತ್ತಿ, ನಿಧಾನ ಕೆಳಗಿಳಿಸಿ.

ಎರಡು, ಅಂಗೈ ಟೇಬಲ್ ಮೇಲೆ ಮಲಗಿಸಿ ಎಡಕ್ಕೆ, ಬಲಕ್ಕೆ ಸರಿಸಿ. ಮುಂಗೈ ಕದಲಬಾರದು.

ಮೂರು, ಮೊಣಕೈಯನ್ನ ಪಕ್ಕೆಗೆ ಒತ್ತಿ ಮಡಚಿ, ಕೈಯಲ್ಲೊಂದು ಪೆನ್ ಹಿಡಿದು ಅಂಗೈ ಆಕಾಶಕ್ಕೆ, ಆಮೇಲೆ ನೆಲಕ್ಕೆ ತಿರುಗಿಸಿ. ಪ್ರಸಾದ ತಗೊಳ್ಳೋಕೆ, ಅಂಗಡಿಯವರು ಕೊಡೋ ಚಿಲ್ಲರೆ ಹಿಡಿಯೋಕೆ ಈ ತಿರುವು ಬೇಕು.

ಪ್ರತಿಯೊಂದೂ ಸುಮಾರು ಹತ್ತು ಸಲ, ದಿನಕ್ಕೆ ಮೂರ್ನಾಲ್ಕು ಹೊತ್ತು. ಭಾನುವಾರ ಒಂದೇ ದಿನ ಒಂದು ಗಂಟೆ ಮಾಡಿದ್ರೆ ಕೈ ಬಾಯುತ್ತೆ, ಲಾಭ ಆಗಲ್ಲ. ಇದು ಪೋಸ್ಟ್ ಆಫೀಸ್ ಆರ್‌ಡಿ ಇದ್ದ ಹಾಗೆ, ಸಣ್ಣ ಕಂತು, ತಪ್ಪದ ಕಂತು.

ಎಷ್ಟು ನೋವು ಸರಿ? ಎಳೆದ ಹಾಗೆ ಆಗೋದು, ಮಾಡಿ ಮುಗಿಸಿದ ಸ್ವಲ್ಪ ಹೊತ್ತಲ್ಲಿ ಇಳಿಯೋದು ಸರಿ. ಗಂಟೆಗಟ್ಟಲೆ ಉಳಿದ್ರೆ, ಮರುದಿನ ಬಾವು ಹೆಚ್ಚಾದ್ರೆ ಕಡಿಮೆ ಮಾಡಿ. ಯಾರಾದ್ರೂ "ನಾನು ಸರಿ ಮಾಡ್ತೀನಿ" ಅಂತ ಕೈ ಹಿಡಿದು ಜೋರಾಗಿ ತಿರುವೋಕೆ, ತಿಕ್ಕೋಕೆ ಬಂದ್ರೆ ಬೇಡ ಅನ್ನಿ.

ಎಕ್ಸ್‌ರೇ ನೋಡಿ ಡಾಕ್ಟರ್ ಒಪ್ಪಿದ ಮೇಲೆ, ಸಾಮಾನ್ಯವಾಗಿ ಎಂಟನೇ ವಾರದ ಹೊತ್ತಿಗೆ, ಬಲದ ಪಾಠ ಶುರು. ಸ್ಪಂಜ್ ಹಿಂಡೋದು, ಒದ್ದೆ ಟವೆಲ್ ಹಿಂಡೋದು, ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೇಲೆ ಕೆಳಗೆ. ಅದು ಅರ್ಧ ಕೆ.ಜಿ. ಡಂಬೆಲ್ ಇದ್ದ ಹಾಗೆ, ಜಿಮ್ ಬೇಕಿಲ್ಲ.

ರೊಟ್ಟಿ ಬಡಿಯೋದು ಯಾವಾಗ?

ನಮ್ಮ ಕಡೆ ಅಮ್ಮಂದಿರ ಮೊದಲ ಪ್ರಶ್ನೆ ಇದೇ. ಜೋಳದ ರೊಟ್ಟಿಯನ್ನ ಸ್ವಲ್ಪ ಬಿಡಿಸಿ ನೋಡಿ. ಹಿಟ್ಟು ನಾದುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಮೈಭಾರ ಹೊರುತ್ತೆ. ಬಡಿಯುವಾಗ ಕೈ ಮತ್ತೆ ಮತ್ತೆ ಏರಿಳಿಯುತ್ತೆ. ಹಂಚಿಗೆ ಹಾಕುವಾಗ ಅಂಗೈ ತಿರುಗುತ್ತೆ. ಮಣಿಕಟ್ಟಿನ ಪೂರ್ತಿ ಪರೀಕ್ಷೆ ಅದು! ಹಾಗಾಗಿ ಹಂತ ಹಂತವಾಗಿ ಬನ್ನಿ. ಮೊದಲು ನಿಂಬೆಹಣ್ಣಿನಷ್ಟು ಹಿಟ್ಟು ಮುಷ್ಟಿಯಲ್ಲಿ ಹಿಚುಕೋದು, ಆಮೇಲೆ ಒಂದು ಸಣ್ಣ ರೊಟ್ಟಿ. ಭಾರ ಹಾಕಿ ನಾದೋದು, ತುಂಬಿದ ಕೊಡ ಎತ್ತೋದು, ನೆಲಕ್ಕೆ ಕೈ ಊರಿ ಏಳೋದು ಸುಮಾರು ಮೂರು ತಿಂಗಳ ಹೊತ್ತಿಗೆ, ಅದೂ ಡಾಕ್ಟರ್ ಕೇಳಿ. ಅಲ್ಲಿ ತನಕ ಮನೆಯಲ್ಲಿ ಬೇರೆಯವರು ಹಿಟ್ಟು ನಾದಲಿ. ಹುಡುಗರೇ, ಈ ಮಾತು ನಿಮಗೆ.

ಬೈಕ್ ಓಡಿಸೋರಿಗೂ ಅಷ್ಟೇ. ಎಕ್ಸಿಲೇಟರ್ ತಿರುವೋದಷ್ಟೇ ಸಾಲದು, ಬ್ರೇಕ್ ಗಟ್ಟಿಯಾಗಿ ಒಮ್ಮೆಲೇ ಹಿಡಿಯೋಕೆ ಬರಬೇಕು.

ದಿನದ ಬಹುತೇಕ ಕೆಲಸಕ್ಕೆ ಮಣಿಕಟ್ಟು ಮೇಲೆ 40 ಡಿಗ್ರಿ, ಕೆಳಗೆ 40 ಡಿಗ್ರಿ ಬಾಗಿದ್ರೆ ಸಾಕಾಗುತ್ತೆ. ಪೂರ್ತಿ ಆರೋಗ್ಯದ ಕೈ ಸುಮಾರು 70 ಬಾಗುತ್ತೆ. ಪ್ರತಿ ವಾರ ಒಂದೇ ಜಾಗದಲ್ಲಿ, ಒಂದೇ ಕೋನದಿಂದ ಎರಡೂ ಕೈಯ ಫೋಟೊ ತೆಗೆದಿಡಿ. ದಿನಾ ನೋಡೋ ಕಣ್ಣಿಗೆ ಕಾಣದ ಬದಲಾವಣೆ ಫೋನ್‌ನಲ್ಲಿ ಕಾಣುತ್ತೆ. ಹೆಚ್ಚಿನ ಸುಧಾರಣೆ ಮೊದಲ ಮೂರರಿಂದ ಆರು ತಿಂಗಳಲ್ಲಿ. ಹಿಡಿತದ ಬಲ ಒಂದು ವರ್ಷದ ತನಕ ಬರ್ತಾನೇ ಇರುತ್ತೆ.

ದುಡ್ಡಿನ ಲೆಕ್ಕ

"ದಿನಾ ಊರಿಂದ ಸಿಂಧನೂರಿಗೆ ಹೋಗೋಕೆ ಆಗಲ್ಲ" ಅನ್ನೋದು ನಿಜವಾದ ತೊಂದರೆ. ಒಂದು ಲೆಕ್ಕ ಹಾಕೋಣ. ಕೂಲಿ ದಿನಕ್ಕೆ 400 ರೂಪಾಯಿ ಅಂತ ಇಟ್ಕೊಳ್ಳಿ. ಕೈ ಬಿಗಿದು ಇನ್ನೊಂದು ತಿಂಗಳು, ಅಂದ್ರೆ 26 ದಿನ ಕೆಲಸ ತಪ್ಪಿದ್ರೆ 10,400 ಹೋಯ್ತು. ಅದರ ಬದಲು ನಾಲ್ಕು ಸಲ ಫಿಸಿಯೋ ಹತ್ತಿರ ಹೋಗಿ, ಪ್ರತಿ ಸಲ ಅರ್ಧ ದಿನದ ಕೂಲಿ 200, ಫೀ 300 ಅಂದುಕೊಂಡ್ರೂ 2,000. ಹೆಣ್ಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ ಟಿಕೆಟ್ ಇಲ್ಲ.

ಎಲ್ಲರೂ ದಿನಾ ಹೋಗಬೇಕು ಅಂತಿಲ್ಲ. ಮೊದಲ ಭೇಟಿಯಲ್ಲೇ ಕೇಳಿ: "ನಾನು ಮನೆಯಲ್ಲಿ ಮಾಡೋ ವ್ಯಾಯಾಮ ಹೇಳಿಕೊಡಿ ಸರ್, ಯಾವಾಗ ಮತ್ತೆ ತೋರಿಸಬೇಕು?" ಅವರು ಒಪ್ಪಿದ್ರೆ ವಿಡಿಯೊ ಮಾಡ್ಕೊಳ್ಳಿ. ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇದೆಯಾ, ಯಾವ ದಿನ ಅಂತ ಮೊದಲು ವಿಚಾರಿಸಿ. ಪೆಟ್ಟು ದೊಡ್ಡದಿದ್ರೆ ರಾಯಚೂರಿನ ರಿಮ್ಸ್ ಇದೆ. ಖಾಸಗಿಯಾಗಿ ಹೋಗೋದಾದ್ರೆ ಬಿಪಿಟಿ ಓದಿದವರಾ ಅಂತ ಕೇಳೋಕೆ ಸಂಕೋಚ ಬೇಡ.

ಈ ಲಕ್ಷಣ ಕಂಡ್ರೆ ಕಾಯಬೇಡಿ

ಪೆಟ್ಟಿಗೆ ಮೀರಿದ ಉರಿನೋವು, ಚರ್ಮ ಹೊಳೆಯೋದು, ಬಣ್ಣ ಬದಲಾಗೋದು, ಬಾವು ಇಳಿಯದೇ ಇರೋದು. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು. ಇದ್ದಕ್ಕಿದ್ದ ಹಾಗೆ ಹೆಬ್ಬೆರಳು ಮೇಲೆತ್ತೋಕೆ ಆಗದಿರೋದು. ಇವು ಇದ್ರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಯುವಕರಿಗೆ ಇನ್ನೊಂದು. ಬಿದ್ದ ಮೇಲೆ ಎಕ್ಸ್‌ರೇ ಸರಿ ಬಂದು, ಹೆಬ್ಬೆರಳ ಬುಡದ ಗುಳಿಯಲ್ಲಿ ನೋವು ಉಳಿದ್ರೆ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಎಲುಬು ಬಿರಿದಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗಬಹುದು. ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ತೋರಿಸಿ.

ಐವತ್ತು ದಾಟಿದ ಅಮ್ಮ ಬರೀ ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ರೆ, ಎಲುಬು ಸವೆದಿರೋದಕ್ಕೆ ಅದು ಮೊದಲ ಸೂಚನೆ ಆಗಿರಬಹುದು. ಎಲುಬಿನ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಕೇಳಿ. ಇವತ್ತು ಮಣಿಕಟ್ಟು, ನಾಳೆ ಸೊಂಟ ಆಗಬಾರದು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರ ಕೈಗಾದ್ರೂ ಈಗ ಪ್ಲಾಸ್ಟರ್ ಇದ್ರೆ ಇದನ್ನ ವಾಟ್ಸಾಪ್ ಮಾಡಿ. ಅವರು ಇವತ್ತೇ ಬೆರಳು ಆಡಿಸೋಕೆ ಶುರು ಮಾಡಲಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.