ವಿದೇಶಿ ಗೆಳೆಯರ ಜೊತೆ ಊಟಿಗೆ: ಗಡಿ ದಾಟುವ ಮೊದಲು ಗೊತ್ತಿರಬೇಕಾದ ವಿಷಯಗಳು

ಮೈಸೂರು, ಮಂಗಳೂರು, ಮಣಿಪಾಲದ ಕಾಲೇಜುಗಳಲ್ಲಿ ಓದುವ ಬ್ಯಾರಿ ಯುವಕರಿಗೆ ಈಗ ಬೇರೆ ದೇಶದ ಗೆಳೆಯರು ಹೊಸಬರೇನಲ್ಲ. ಯೆಮನ್, ಸುಡಾನ್, ಅಫ್ಘಾನಿಸ್ತಾನದಿಂದ ಬಂದ ವಿದ್ಯಾರ್ಥಿಗಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಜುಮಾಕ್ಕೆ ಒಂದೇ ಸಫ್‌ನಲ್ಲಿ ನಿಲ್ಲುತ್ತಾರೆ, ರಂಝಾನ್‌ನಲ್ಲಿ ಇಫ್ತಾರಿಗೆ ಮನೆಗೂ ಬರುತ್ತಾರೆ. ಹಾಗಾಗಿ ಎರಡು ದಿನ ರಜೆ ಸಿಕ್ಕಿದರೆ ‘ಊಟಿಗೆ ಹೋಗುವ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬೀಳುವುದು ಸಹಜ. ಕಾರು ಯಾರದ್ದು, ಪೆಟ್ರೋಲ್ ಹೇಗೆ ಪಾಲು, ಸ್ಪೀಕರ್ ಯಾರು ತರುವುದು, ಎಲ್ಲ ಮಾತಾಗುತ್ತದೆ. ಪಾಸ್‌ಪೋರ್ಟ್ ಮಾತು ಮಾತ್ರ ಬರುವುದಿಲ್ಲ. ಅದು ನೆನಪಾಗುವುದು ರಾತ್ರಿ ಊಟಿಯ ಚಳಿಯಲ್ಲಿ, ಲಾಡ್ಜಿನ ಕೌಂಟರ್ ಎದುರು ನಿಂತಾಗ.

ಮೊದಲು ಒಂದು ಭಯ ಬಿಡಿಸಿಕೊಳ್ಳಬೇಕು. ಕರ್ನಾಟಕ–ತಮಿಳುನಾಡು ಗಡಿ ವೀಸಾದ ಗಡಿಯಲ್ಲ. ಅರುಣಾಚಲದಂತಹ ಕೆಲವು ಪ್ರದೇಶಗಳಿಗೆ ವಿದೇಶಿಯರಿಗೆ ವಿಶೇಷ ಪರವಾನಗಿ ಬೇಕು, ನೀಲಗಿರಿ ಆ ಪಟ್ಟಿಯಲ್ಲಿಲ್ಲ. ವಿದ್ಯಾರ್ಥಿ ವೀಸಾ ಇರುವವನು ಎರಡು ದಿನ ಊಟಿ ನೋಡಿ ಬರಲು ಅಡ್ಡಿ ಇಲ್ಲ. ಆದರೆ ಕೆಲವು ದೇಶಗಳವರ ವೀಸಾದಲ್ಲಿ ಪ್ರತ್ಯೇಕ ಷರತ್ತು ಬರೆದಿರುತ್ತಾರೆ. ಆ ಸಾಲನ್ನು ಒಮ್ಮೆ ಓದಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಇನ್ನು ‘ಸಿ ಫಾರ್ಮ್’. ಹೆಚ್ಚಿನವರು ಎಡವುವುದು ಇಲ್ಲೇ. ವಿದೇಶಿ ಪ್ರಜೆ ಒಬ್ಬರಿಗೆ ತಂಗಲು ಜಾಗ ಕೊಟ್ಟವರು ಅವರು ಬಂದ 24 ಗಂಟೆಯೊಳಗೆ ಆ ವಿವರವನ್ನು ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ ತಿಳಿಸಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಎಲ್ಲ ತುಂಬಬೇಕು. ಇದಕ್ಕೆ ಲಾಡ್ಜಿನವರು ಮೊದಲೇ ಆ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ದೊಡ್ಡ ಹೋಟೆಲುಗಳಿಗೆ ಇದು ದಿನನಿತ್ಯದ ಕೆಲಸ. ಸಣ್ಣ ಲಾಡ್ಜು, ಹೋಂಸ್ಟೇಗಳಲ್ಲಿ ಕೆಲವರಿಗೆ ಲಾಗಿನ್ನೇ ಇರುವುದಿಲ್ಲ. ಅವರು ‘ಫಾರಿನರ್ಸ್ ಇದ್ದರೆ ರೂಂ ಇಲ್ಲ’ ಅಂದುಬಿಡುತ್ತಾರೆ. ಹುಡುಗರಿಗೆ ಇದು ಬಣ್ಣ ನೋಡಿ, ಹೆಸರು ನೋಡಿ ಮಾಡಿದ ಅವಮಾನ ಅನಿಸುತ್ತದೆ. ಕೆಲವೊಮ್ಮೆ ಅದು ನಿಜವೂ ಇರಬಹುದು, ಇಲ್ಲ ಅನ್ನಲಾಗದು. ಆದರೆ ಬಹಳಷ್ಟು ಸಲ ಕಾರಣ ಈ ಫಾರ್ಮ್. ಆದ್ದರಿಂದ ರೂಂ ಬುಕ್ ಮಾಡುವಾಗಲೇ ಫೋನ್ ಮಾಡಿ, ‘ಇಬ್ಬರು ವಿದೇಶಿ ವಿದ್ಯಾರ್ಥಿಗಳಿದ್ದಾರೆ, ಸಿ ಫಾರ್ಮ್ ಹಾಕುತ್ತೀರಾ?’ ಅಂತ ನೇರವಾಗಿ ಕೇಳಬೇಕು. ‘ಹೌದು’ ಅನ್ನುವ ಜಾಗ ನೂರಿನ್ನೂರು ರೂಪಾಯಿ ದುಬಾರಿಯಾದರೂ ಅದೇ ಲಾಭ.

ಬುಕಿಂಗ್ ಆ್ಯಪ್‌ನಲ್ಲಿ ಸ್ಥಳೀಯ ಗೆಳೆಯನ ಒಂದೇ ಆಧಾರ್ ಕೊಟ್ಟು, ‘ಅವನು ನಮ್ಮವನೇ’ ಅಂತ ಹೇಳಿ ಒಳಗೆ ಕರೆದುಕೊಂಡು ಹೋಗುವ ಉಪಾಯ ಕೆಲವರು ಮಾಡುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ. ರಾತ್ರಿ ತಪಾಸಣೆ ಬಂದರೆ ಸ್ಥಳೀಯ ಹುಡುಗನಿಗೆ ಒಂದಷ್ಟು ಪ್ರಶ್ನೆ ಕೇಳಿ ಬಿಡಬಹುದು. ವಿದೇಶಿ ವಿದ್ಯಾರ್ಥಿಯ ವಿಷಯ ಹಾಗಲ್ಲ. ಅವನ ಹೆಸರಿನ ಮುಂದೆ ಬಿದ್ದ ಒಂದು ಟಿಪ್ಪಣಿ ಮುಂದಿನ ವೀಸಾ ವಿಸ್ತರಣೆಯ ಹೊತ್ತಿಗೆ ಎದುರು ಬರುತ್ತದೆ. ಮನೆಯವರು ಜಮೀನು ಮಾರಿ ಕಳಿಸಿದ ಮಗನೂ ಆಗಿರಬಹುದು ಅವನು.

ಈ ನಿಯಮ ಹೋಟೆಲಿಗೆ ಮಾತ್ರ ಅಂತ ಹಲವರು ತಿಳಿದಿದ್ದಾರೆ. ಅಲ್ಲ, ಮನೆಗೂ ಇದೆ. ಗೂಡಲೂರಿನಲ್ಲಿ ಸಂಬಂಧಿಕರ ಮನೆ ಇದೆ, ಉಮ್ಮ ಫೋನ್ ಮಾಡಿ ಹೇಳಿದ್ದಾರೆ, ಅಲ್ಲೇ ಉಳಿಯುವ ಅಂತ ಹೊರಟರೆ ಆ ಮನೆಯವರೂ ಅದೇ ಪೋರ್ಟಲ್‌ನಲ್ಲಿ ವಿವರ ಹಾಕಬೇಕು. ಊರಲ್ಲಿ ಮದುವೆಗೆ ಬಂದು ರಾತ್ರಿ ಉಳಿಯುವ ವಿದೇಶಿ ಗೆಳೆಯನಿಗೂ ಇದೇ ಲೆಕ್ಕ. ಊಟ ಹಾಕಿ ಕಳಿಸಿದರೆ ಫಾರ್ಮ್ ಬೇಡ, ಹಾಸಿಗೆ ಹಾಕಿದರೆ ಬೇಕು. ಅತಿಥಿ ಸತ್ಕಾರದಲ್ಲಿ ಕಮ್ಮಿ ಇಲ್ಲದ ಸಮುದಾಯಕ್ಕೆ ಇದು ಸ್ವಲ್ಪ ಇರುಸುಮುರುಸಿನ ವಿಷಯವೇ, ಆದರೆ ಕಾನೂನು ಹಾಗಿದೆ.

ಗೆಳೆಯನ ಬ್ಯಾಗಿನಲ್ಲಿ ಏನೇನಿರಬೇಕು? ಮೂಲ ಪಾಸ್‌ಪೋರ್ಟ್, ವೀಸಾ ಪುಟ, ಎಫ್‌ಆರ್‌ಆರ್‌ಒ ಕೊಟ್ಟ ನೋಂದಣಿ ಪತ್ರ, ಕಾಲೇಜಿನ ಗುರುತಿನ ಚೀಟಿ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಿರಬೇಕು ಎಂಬುದು ನಿಯಮ. ನೇಪಾಳ, ಭೂತಾನ್‌ನವರಿಗೆ ವೀಸಾ ಬೇಡ, ಅವರ ದೇಶದ ಗುರುತಿನ ದಾಖಲೆ ಸಾಕು. ವೀಸಾ ಅವಧಿ ಮುಗಿಯುತ್ತಾ ಬಂದಿದ್ದು ವಿಸ್ತರಣೆಗೆ ಅರ್ಜಿ ಹಾಕಿರುವ ಗೆಳೆಯನಿದ್ದರೆ ಅರ್ಜಿಯ ಪ್ರತಿ ಪ್ರಿಂಟ್ ಇರಲಿ, ಮೊಬೈಲ್ ಬ್ಯಾಟರಿಯನ್ನು ನಂಬಬೇಡಿ. ಅವಧಿ ಮುಗಿದೇ ಹೋಗಿದ್ದರೆ ಅವನು ಪ್ರವಾಸಕ್ಕಲ್ಲ, ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗಕ್ಕೆ ಹೋಗಬೇಕು. 1946ರ ಹಳೆಯ ಫಾರಿನರ್ಸ್ ಆ್ಯಕ್ಟ್ ಹೋಗಿ, 2025ರ ಸೆಪ್ಟೆಂಬರ್ 1ರಿಂದ ಹೊಸ ಇಮಿಗ್ರೇಷನ್ ಮತ್ತು ಫಾರಿನರ್ಸ್ ಕಾಯ್ದೆ ಜಾರಿಗೆ ಬಂದಿದೆ. ವೀಸಾ ಮುಗಿದ ಮೇಲೂ ಉಳಿದರೆ ಅಥವಾ ವೀಸಾ ಷರತ್ತು ಮುರಿದರೆ ಅದರಲ್ಲಿ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇಷ್ಟು ಗೆಳೆಯನ ಕಾಗದ ಆಯಿತು, ಇನ್ನು ಕಾರಿನದ್ದು. ನೀಲಗಿರಿಗೆ ಹೊರಗಿನಿಂದ ಹೋಗುವ ವಾಹನಕ್ಕೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇದು ಶುರುವಾಯಿತು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಬೀಳುವ ವಾಹನಗಳ ಲೆಕ್ಕ ಸಿಗಲಿ ಎಂಬುದು ಉದ್ದೇಶ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೋರ್ಟು ಸಂಖ್ಯೆಯನ್ನೇ ನಿಗದಿ ಮಾಡಿತು: ವಾರದ ದಿನಗಳಲ್ಲಿ 6,000, ಶನಿವಾರ-ಭಾನುವಾರ 8,000 ವಾಹನ. ಸೀಸನ್‌ನಲ್ಲಿ ಕೊನೆ ಗಳಿಗೆಗೆ ಪಾಸ್ ಹುಡುಕಿದರೆ ಸಿಗದೆ ಹೋಗಬಹುದು ಅಂತ ಇದರಿಂದಲೇ ಗೊತ್ತಾಗುತ್ತದೆ. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಕೊಟ್ಟು ಪಡೆಯಬೇಕು, ವಿದೇಶಿಯರಾದರೆ ಇಮೇಲ್ ಮೂಲಕವೂ ಆಗುತ್ತದೆ. ಟಿಎನ್ 43 ನಂಬರಿನ ಸ್ಥಳೀಯ ಗಾಡಿಗಳಿಗೆ, ಸರ್ಕಾರಿ ಬಸ್ಸಿಗೆ ಪಾಸ್ ಬೇಡ. ಮೈಸೂರಿನಿಂದ ಊಟಿಗೆ ಬಸ್ ಇದೆ ಎಂಬುದನ್ನೂ ಹುಡುಗರು ಮರೆತೇಬಿಟ್ಟಿದ್ದಾರೆ.

ಕಾರು ಯಾರದ್ದು ಎಂಬುದೂ ಮುಖ್ಯ. ಗೆಳೆಯನದ್ದೋ ಮನೆಯದ್ದೋ ಆದರೆ ತೊಂದರೆ ಇಲ್ಲ, ಪೆಟ್ರೋಲ್ ಖರ್ಚನ್ನು ಐದು ಜನ ಹಂಚಿಕೊಳ್ಳುವುದು ಬಾಡಿಗೆಯಲ್ಲ. ಪರಿಚಯದವರ ಬಿಳಿ ಬೋರ್ಡ್ ಕಾರನ್ನು ದಿನಕ್ಕೆ ಇಷ್ಟು ಅಂತ ಬಾಡಿಗೆಗೆ ತಂದರೆ ಬೇರೆ ಕತೆ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡಿ ಅಪಘಾತವಾದರೆ ಇನ್ಶೂರೆನ್ಸ್ ಕಂಪೆನಿ ಕ್ಲೇಮ್ ತಳ್ಳಿಹಾಕಲು ಅದೇ ನೆಪ ಸಾಕು. 500 ರೂಪಾಯಿ ಉಳಿಸಲು ಹೋಗಿ ಲಕ್ಷಗಟ್ಟಲೆ ಕಟ್ಟುವ ಲೆಕ್ಕ ಇದು. ವಿದೇಶಿ ಗೆಳೆಯ ‘ನನಗೂ ಡ್ರೈವಿಂಗ್ ಬರುತ್ತದೆ’ ಅಂದರೆ ಅವನಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟಿಯರಿಂಗ್ ಕೊಡಬೇಡಿ, ಕಾಡಿನ ಖಾಲಿ ರಸ್ತೆಯಲ್ಲೂ ಬೇಡ.

ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಬಂಡೀಪುರ ಕಾಡು, ಕೆಕ್ಕನಹಳ್ಳದಲ್ಲಿ ಗಡಿ, ಆಮೇಲೆ ಮುದುಮಲೈ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆ ಬಂದ್. ವನ್ಯಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಎಂಬ ಕಾರಣಕ್ಕೆ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹಾಕಿದ ನಿಷೇಧವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಕೆಲವೇ ಸರ್ಕಾರಿ ಬಸ್ ಬಿಟ್ಟರೆ ಯಾರಿಗೂ ಬಿಡುವುದಿಲ್ಲ. ಗೇಟಿನಲ್ಲಿ ಪರಿಚಯ, ಶಿಫಾರಸು ನಡೆಯುತ್ತದೆ ಅಂತ ಲೆಕ್ಕ ಹಾಕಿ ಹೊರಡಬೇಡಿ.

ಕಾಡಿನ ನಡುವೆ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ಗೂಡಲೂರು ಮೂಲಕ ಊಟಿ. ದೂರ ಹೆಚ್ಚು, ರಸ್ತೆ ಹಗುರ. ಇನ್ನೊಂದು ಮಸಿನಗುಡಿ, ಕಲ್ಲಟ್ಟಿ ಘಾಟಿ. ಹತ್ತಿರ, ಆದರೆ 36 ಹೇರ್‌ಪಿನ್ ತಿರುವುಗಳು. 2018ರಲ್ಲಿ ಚೆನ್ನೈನಿಂದ ಬಂದ ಪ್ರವಾಸಿಗರ ಕಾರು ಈ ಘಾಟಿಯಲ್ಲಿ ಕಮರಿಗೆ ಬಿದ್ದು ಐವರು ಸತ್ತರು. ಕಾರು ಬಿದ್ದದ್ದು ಹೊರಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಆ ನಂತರ ಹೊರಗಿನ ನಂಬರಿನ ಗಾಡಿ ಈ ದಾರಿಯಲ್ಲಿ ಇಳಿಯುವುದಕ್ಕೆ ತಡೆ ಹಾಕಿದರು. ಆದ್ದರಿಂದ ಗೂಗಲ್ ಮ್ಯಾಪ್ ‘ಇದೇ ಹತ್ತಿರ’ ಅಂದರೂ ವಾಪಸ್ ಬರುವಾಗ ಗೂಡಲೂರು ದಾರಿ ಹಿಡಿಯಬೇಕು.

ಮಸಿನಗುಡಿಯಲ್ಲಿ ರೂಂ ಹುಡುಕುವವರಿಗೆ ಒಂದು ಮಾತು. ಅಲ್ಲಿನ ಸೀಗೂರು ಪ್ರದೇಶ ಆನೆಗಳ ದಾರಿ. ಆ ಕಾರಿಡಾರ್‌ನಲ್ಲಿದ್ದ ಹಲವು ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಬೀಗ ಬಿತ್ತು, 2020ರಲ್ಲಿ ಆನೆ ಕಾರಿಡಾರನ್ನೇ ಕೋರ್ಟು ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ಇದೇ ಮಸಿನಗುಡಿಯಲ್ಲಿ ತಂಗುದಾಣವೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ವಸ್ತು ಎಸೆದು, ಆ ಆನೆ ಸತ್ತ ವಿಡಿಯೋ ದೇಶವೆಲ್ಲ ನೋಡಿತು. ಅನುಮತಿ ಇಲ್ಲದ ತಂಗುದಾಣ ಅಗ್ಗಕ್ಕೆ ಸಿಗಬಹುದು. ಆದರೆ ಅನುಮತಿಯೇ ಇಲ್ಲದವರು ಸಿ ಫಾರ್ಮ್ ಎಲ್ಲಿಂದ ಹಾಕುತ್ತಾರೆ? ‘ನೈಟ್ ಸಫಾರಿ’ ಅಂತ ಜೀಪ್ ತೋರಿಸುವವರನ್ನೂ ದೂರ ಇಡಿ.

ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಆನೆ ಕಂಡ ಕೂಡಲೇ ವಿದೇಶಿ ಗೆಳೆಯನಿಗೆ ಖುಷಿಯಾಗುವುದು ಸಹಜ, ಅವನಿಗೆ ಮೊದಲೇ ಹೇಳಿಡಬೇಕಾದ್ದು ಊರಿನವರ ಕೆಲಸ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜೊತೆ ಸೆಲ್ಫಿಗೆ ಹೋದವನನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಡ್ರೋನ್ ಇದ್ದರೆ ಹಾಸ್ಟೆಲಿನಲ್ಲೇ ಬಿಟ್ಟು ಬರಲಿ. ಕೂನೂರಿನ ವೆಲ್ಲಿಂಗ್ಟನ್ ಕಡೆ ಹೋದರೆ ಅದು ಸೇನೆಯ ಜಾಗ, ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜ್ ಇರುವುದು ಅಲ್ಲೇ. ಬೋರ್ಡ್ ಚೆಂದ ಇದೆ, ಗೇಟ್ ಚೆಂದ ಇದೆ ಅಂತ ಫೋಟೋ ತೆಗೆಯುವುದು ಬೇಡ.

ಇಷ್ಟೆಲ್ಲ ಓದಿ ಪ್ರವಾಸವೇ ಬೇಡ ಅನಿಸಬಾರದು. ಗೆಳೆಯನಿಗೆ ತೋರಿಸಲು, ಹೇಳಲು ಅಲ್ಲಿ ಬಹಳ ಇದೆ. 1799ರವರೆಗೆ ನೀಲಗಿರಿ ಟಿಪ್ಪುವಿನ ಮೈಸೂರು ರಾಜ್ಯದಲ್ಲಿತ್ತು. ಅಲ್ಲಿನ ಅತಿ ಎತ್ತರದ ಶಿಖರಕ್ಕೆ, 2,637 ಮೀಟರಿನದ್ದಕ್ಕೆ, ಇವತ್ತಿಗೂ ‘ದೊಡ್ಡಬೆಟ್ಟ’ ಅಂತಲೇ ಹೆಸರು. ಬಡಗರ ಮಾತು ಕಿವಿಗೆ ಬಿದ್ದರೆ ಕನ್ನಡ ಬಲ್ಲವನಿಗೆ ಅರ್ಧ ಅರ್ಥವಾಗುತ್ತದೆ. ಬಡಗರು ಅಂದರೆ ಬಡಗು ದಿಕ್ಕಿನಿಂದ, ಅಂದರೆ ಉತ್ತರದಿಂದ ಬಂದವರು. ಗೂಡಲೂರಿಗೆ ಇಳಿದರೆ ತಮಿಳು, ಮಲಯಾಳಂ ಎರಡೂ ಕೇಳುತ್ತದೆ, ಬ್ಯಾರಿ ಭಾಷೆ ಆಡುವವನಿಗೆ ಅಲ್ಲಿ ಚಾ ಹೋಟೆಲಿನಲ್ಲಿ ಮಾತಿಗೇನೂ ಬರ ಇಲ್ಲ. ಹಲಾಲ್ ಊಟಕ್ಕೂ ಗೂಡಲೂರೇ ಅನುಕೂಲ. ಪುಟಾಣಿ ರೈಲು 1908ರಲ್ಲಿ ಊಟಿ ಮುಟ್ಟಿದ್ದು, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವಾರಾಂತ್ಯಕ್ಕೆ ಟಿಕೆಟ್ ಬೇಕಿದ್ದರೆ ಬಹಳ ಮೊದಲೇ ಬುಕ್ ಮಾಡಬೇಕು. ತೋಡರ ಮಂದ್‌ಗಳಿಗೆ ಹೋದರೆ ಕೇಳಿ ಫೋಟೋ ತೆಗೆಯಲಿ. ಒಮ್ಮೆ ಬಳಸಿ ಎಸೆಯುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧ ಇದೆ, ಚೆಕ್‌ಪೋಸ್ಟಿನಲ್ಲೇ ತೆಗೆಸುತ್ತಾರೆ. ಸ್ಟೀಲ್ ಬಾಟಲಿ ಒಯ್ದರೆ ನೀರಿನ ಎಟಿಎಂಗಳಲ್ಲಿ ತುಂಬಿಸಿಕೊಳ್ಳಬಹುದು.

ಭಾನುವಾರದ ವಾಪಸ್ ಲೆಕ್ಕವನ್ನು ಶನಿವಾರವೇ ಹಾಕಿಡಿ. ಊಟಿಯಿಂದ ಗೂಡಲೂರಿಗೆ ಸುಮಾರು 50 ಕಿಲೋಮೀಟರ್ ಇಳಿಜಾರು. ರಜೆಯ ದಿನ ಅದು ಎರಡು ಗಂಟೆ ತಿನ್ನುತ್ತದೆ, ಮಂಜು ಬಿದ್ದರೆ ಇನ್ನೂ ಹೆಚ್ಚು. ನಾಲ್ಕು ಗಂಟೆಗೆ ಊಟಿ ಬಿಟ್ಟರೆ 9ರೊಳಗೆ ಕಾಡು ದಾಟುವುದು ಆರಾಮ. ಆರೂವರೆಗೆ ಬಿಟ್ಟರೆ ಕಾಡಿನ ಗೇಟಿಗೆ ಓಡಿಸಿಕೊಂಡು ಬರಬೇಕು, ಜಿಂಕೆ ಅಡ್ಡ ಬರುವುದು ಆಗಲೇ. ತಡವಾಗಿಯೇ ಹೋದರೆ ಮಂಗಳೂರು ಕಡೆಯವರಿಗೆ ಸುಲ್ತಾನ್ ಬತ್ತೇರಿ, ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ ಮೂಲಕ ಮಡಿಕೇರಿಗೆ ಬರುವ ಸುತ್ತು ದಾರಿ ಇದೆ. ಮಾನಂದವಾಡಿಯಿಂದ ಬಾವಲಿ ಮೂಲಕ ಮೈಸೂರಿಗೆ ಬರುವ ದಾರಿ ಮಾತ್ರ ಸಂಜೆ 6ಕ್ಕೇ ಮುಚ್ಚುತ್ತದೆ. ಗೂಡಲೂರಿನಲ್ಲೇ ಇನ್ನೊಂದು ರಾತ್ರಿ ಉಳಿಯುವುದಾದರೆ ಆ ಲಾಡ್ಜಿನಲ್ಲೂ ಸಿ ಫಾರ್ಮ್ ಹೊಸದಾಗಿ ಹಾಕಿಸಬೇಕು. ಎರಡೂ ಕಡೆಯ ಫಾರ್ಮಿನ ಪ್ರತಿಯನ್ನು ಗೆಳೆಯ ತನ್ನ ವೀಸಾ ಫೈಲಿನಲ್ಲಿ ಇಟ್ಟುಕೊಳ್ಳಲಿ.